ಸೀಸದ ಪಾಲು

ಉಣ್ಣುವಾಗ ಹಲ್ಲಿಗೆ ಚರೆ ಸಿಕ್ಕಿದ್ದು ನಮ್ಮ ಕೇರಿಯ ಹಿರೀಕರಿಗೆ ಇನ್ನೂ ನೆನಪಿದೆ. ಬೇಟೆಗೆ ಕಾನೂನಿನ ತಡೆ ಬೀಳುವುದಕ್ಕೆ ಮುಂಚಿನ ಮಾತು, ಅಂದರೆ 1972ಕ್ಕೂ ಹಿಂದಿನದು. ಕೋವಿ ಗೌಡರದು, ಹಳು ಸೋವುವ ಕಾಲು ನಮ್ಮವರದು. ಹಂದಿ ಬಿದ್ದರೆ ತೊಡೆ ಕೋವಿಯ ಮನೆಗೆ ಹೋಗುತ್ತಿತ್ತು. ಈಡು ಬಿದ್ದ ಕಡೆಯ ಚಿಂದಿ ಮಾಂಸ, ರಕ್ತ ಹೆಪ್ಪುಗಟ್ಟಿ ಕಪ್ಪಾದದ್ದು, ಸೋವಿದವರ ಪಾಲಿಗೆ. ಅದನ್ನೇ ಖಾರ ಹಾಕಿ ಬೇಯಿಸಿ, ಚರೆ ಸಿಕ್ಕರೆ ತಟ್ಟೆಯ ಅಂಚಿಗೆ ಉಗಿದು ಮತ್ತೆ ಉಣ್ಣೋದು. ಹುಡುಗರು ಆ ಚರೆಗಳನ್ನ ಆರಿಸಿ ಬೆಂಕಿಪೊಟ್ಟಣದಲ್ಲಿ ಕೂಡಿಡುತ್ತಿದ್ದರು. ಹಲ್ಲಿಗೆ ಸಿಕ್ಕದೆ ಹೊಟ್ಟೆಗೆ ಇಳಿದದ್ದರ ಲೆಕ್ಕ ಯಾರೂ ಇಟ್ಟಿಲ್ಲ.

ಆ ಚರೆ ಸೀಸದ್ದು. ಬೇಟೆಗೆ ಸೀಸದ ಗುಂಡು ಬೇಕೋ, ವಿಷವಿಲ್ಲದ ಬೇರೆ ಗುಂಡು ಸಾಕೋ ಅನ್ನುವ ಜಗಳ ಅಮೆರಿಕದಲ್ಲಿ, ಯೂರೋಪಿನಲ್ಲಿ ಬಹಳ ಕಾಲದಿಂದ ನಡೆದಿದೆ. ದೂರದಿಂದ ನೋಡಿದರೆ ಇದು ಹೊಟ್ಟೆ ತುಂಬಿದವರ ಜಗಳ. ಒಬ್ಬ ದೊರೆ ಬಾತು ಹೊಡೆಯಬೇಕು ಅಂತಾನೆ, ಇನ್ನೊಬ್ಬ ದೊರೆ ಬಾತು ನೋಡಬೇಕು ಅಂತಾನೆ, ನಡುವೆ ನಮಗೇನು ಕೆಲಸ ಅನ್ನಿಸಬಹುದು. ನಮಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಚರಿತ್ರೆಯನ್ನ ಕೆದಕುತ್ತಾ ಹೋದಂತೆ ಆ ಚಿಂದಿ ಮಾಂಸದ ಪಾಲು ಅಲ್ಲೂ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇವೆ.

ಸೀಸ ವಿಷ ಅನ್ನೋದು ಹೊಸ ಸಂಗತಿಯೇನಲ್ಲ. ರೋಮಿನ ವಿಟ್ರೂವಿಯಸ್ ಅನ್ನುವ ಕಟ್ಟಡಗಾರ ಕ್ರಿಸ್ತನಿಗಿಂತ ಮುಂಚೆಯೇ, ಕುಡಿಯುವ ನೀರಿಗೆ ಸೀಸದ ಕೊಳವೆ ಬೇಡ, ಮಣ್ಣಿನ ಕೊಳವೆಯೇ ವಾಸಿ ಅಂತ ಬರೆದಿಟ್ಟ. ಅದಕ್ಕೆ ಅವನು ಕೊಟ್ಟ ಸಾಕ್ಷಿ ಗಮನಿಸಬೇಕಾದದ್ದು: ಸೀಸ ಕರಗಿಸುವ ಕೆಲಸಗಾರರ ಮೈ ಹೇಗೆ ಬಿಳಿಚಿಕೊಂಡಿರುತ್ತದೆ ನೋಡಿ ಅಂದ. ದುಡಿಯುವವನ ಮೈ ನೋಡಿ ಉಳ್ಳವರ ನೀರಿನ ಬಗ್ಗೆ ಎಚ್ಚರ ಹೇಳಿದ್ದು. ಕೆಲಸಗಾರನ ಗತಿ ಏನಾಗಬೇಕು ಅನ್ನೋದು ಅವನ ಪುಸ್ತಕದ ವಿಷಯವಲ್ಲ. ಮೈಯೊಳಗೆ ಹೋದ ಸೀಸವನ್ನ ದೇಹ ಸುಣ್ಣದ ಅಂಶ ಅಂತ ತಪ್ಪು ತಿಳಿಯುತ್ತದೆ, ಮೂಳೆಯಲ್ಲಿ ಕೂಡಿಡುತ್ತದೆ. ಹತ್ತಾರು ವರ್ಷ ಅಲ್ಲೇ ಇರುತ್ತದೆ. ಹೆಣ್ಣು ಬಸುರಾದಾಗ ಮೂಳೆಯಿಂದ ಹೊರಟು ಹೊಟ್ಟೆಯ ಕೂಸಿಗೆ ಇಳಿಯುತ್ತದೆ. ಮಕ್ಕಳ ಮಿದುಳಿಗೆ ಆದ ಕೆಡುಕು ಮತ್ತೆ ಸರಿಹೋಗೋದಿಲ್ಲ. ಇಷ್ಟು ಪ್ರಮಾಣ ಇದ್ದರೆ ತೊಂದರೆಯಿಲ್ಲ ಅನ್ನುವ ಗೆರೆ ಸೀಸಕ್ಕೆ ಇಲ್ಲ ಅಂತ ಇವತ್ತು ವಿಶ್ವ ಆರೋಗ್ಯ ಸಂಸ್ಥೆಯೇ ಒಪ್ಪಿದೆ.

ಚರೆ ಅಗ್ಗವಾಗಿ, ರಾಶಿರಾಶಿಯಾಗಿ ಸಿಗುವಂತಾದದ್ದು ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಿಂದ. ಅಲ್ಲಿ ವಿಲಿಯಂ ವಾಟ್ಸ್ ಅನ್ನುವ ಕೊಳಾಯಿ ಕೆಲಸದವನು ತನ್ನ ಮನೆಯ ಮೇಲೇ ಗೋಪುರ ಎತ್ತಿಸಿ, ಆರ್ಸೆನಿಕ್ ಬೆರೆಸಿದ ಕರಗಿದ ಸೀಸವನ್ನ ಮೇಲಿನಿಂದ ಜರಡಿಯ ಮೂಲಕ ಬಿಟ್ಟ. ಹನಿಹನಿಯಾಗಿ ಬೀಳುತ್ತಾ ಗುಂಡಗಾಗಿ ಕೆಳಗಿನ ನೀರಿನಲ್ಲಿ ಆರಿ ಗಟ್ಟಿಯಾಯಿತು. 1782ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಇದು ಅವನಿಗೆ ಕನಸಿನಲ್ಲಿ ಹೊಳೆಯಿತು ಅಂತ ಒಂದು ಕತೆ, ಹೆಂಡತಿಗೆ ಕನಸು ಬಿತ್ತು ಅಂತ ಇನ್ನೊಂದು ಕತೆ. ಹೆಂಡತಿಯದೇ ಇರಬಹುದು. ಪೇಟೆಂಟ್ ಗಂಡನ ಹೆಸರಿನಲ್ಲಿದೆ.

ಆ ಚರೆ ಹಾರಿಸುವ ಹಕ್ಕು ಯಾರದು? 1671ರ ಇಂಗ್ಲೆಂಡಿನ ಬೇಟೆ ಕಾಯ್ದೆಯ ಪ್ರಕಾರ ವರ್ಷಕ್ಕೆ ನೂರು ಪೌಂಡಿನ ಆದಾಯದ ಸ್ವಂತ ಭೂಮಿ ಇದ್ದವನು ಬೇಟೆಯಾಡಬಹುದಿತ್ತು. ತನ್ನ ಹೊಲಕ್ಕೆ ನುಗ್ಗಿದ ಮೊಲವನ್ನೂ ಗೇಣಿದಾರ ಹೊಡೆಯುವ ಹಾಗಿರಲಿಲ್ಲ. ಆ ಆಸ್ತಿಯ ನಿಯಮ 1831ರವರೆಗೂ ನಡೆಯಿತು. 1828ರ ಇನ್ನೊಂದು ಕಾಯ್ದೆ ರಾತ್ರಿ ಕದ್ದು ಬೇಟೆಯಾಡಿ ಮೂರನೇ ಸಲ ಸಿಕ್ಕಿಬಿದ್ದವನನ್ನ ಕಡಲಾಚೆಗೆ ಗಡೀಪಾರು ಮಾಡುತ್ತಿತ್ತು. ಒಂದು ಮೊಲ, ಏಳು ವರ್ಷ. ಇದೇ ಆಳುವ ಜನ ಇಲ್ಲಿಗೆ ಬಂದು ಹತಾರ ಒಪ್ಪಿಸಿ ಅಂದಾಗ 1857ರಲ್ಲಿ ನಮ್ಮ ಹಲಗಲಿಯ ಬೇಡರು ತಿರುಗಿ ಬಿದ್ದದ್ದು. ಬೇಡರ ಕೈಯ ಹತಾರ ಅಪರಾಧವಾಯಿತು, ದೊರೆಗಳ ಕೈಯ ಕೋವಿ ಕ್ರೀಡೆಯಾಯಿತು. ರಾಜಸ್ಥಾನದ ಭರತಪುರದ ಜೌಗಿನಲ್ಲಿ 1938ರ ನವೆಂಬರಿನಲ್ಲಿ ವೈಸರಾಯ್ ಲಿನ್ಲಿತ್‌ಗೋ ಮತ್ತು ಅವನ ಅತಿಥಿಗಳು ಒಂದೇ ದಿನ 4,273 ಹಕ್ಕಿ ಹೊಡೆದರು. ಅಲ್ಲಿ ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾರೆ, ಯಾರು ಬೇಕಾದರೂ ಓದಬಹುದು. ಒಂದು ತೋಟಾದೊಳಗೆ ಇನ್ನೂರಕ್ಕೂ ಮೇಲೆ ಚರೆ ಇರುತ್ತವೆ. ಹಕ್ಕಿಗೆ ತಾಗೋದು ನಾಲ್ಕೋ ಐದೋ. ಉಳಿದದ್ದೆಲ್ಲ ನೀರಿಗೆ.

ನೀರಿಗೆ ಬಿದ್ದ ಆ ಚರೆಯಿಂದಲೇ ಜಗಳ ಶುರುವಾದದ್ದು. ಬಾತಿಗೆ ಹಲ್ಲಿಲ್ಲ. ಕಾಳು ಅರೆಯೋದಕ್ಕೆ ಸಣ್ಣ ಕಲ್ಲು ನುಂಗಿ ಹೊಟ್ಟೆಯ ಗಟ್ಟಿ ಚೀಲದಲ್ಲಿ ಇಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ಸಿಕ್ಕ ಚರೆಯನ್ನ ಕಲ್ಲು ಅಂತಲೋ ಬೀಜ ಅಂತಲೋ ನುಂಗುತ್ತದೆ. ಕಲ್ಲಿನ ಜೊತೆ ಸೀಸವೂ ಅರೆದು, ಹೊಟ್ಟೆಯ ಹುಳಿಯಲ್ಲಿ ಕರಗಿ ರಕ್ತ ಸೇರುತ್ತದೆ. ಹೊಟ್ಟೆಯ ನರ ಸೋತು ತಿಂದದ್ದು ಕೆಳಗಿಳಿಯೋದಿಲ್ಲ. ಗಂಟಲ ತುಂಬ ಕಾಳಿದ್ದೂ ಹಸಿವಿನಿಂದ ಒಣಗುತ್ತದೆ. ರೆಕ್ಕೆ ಜೋತು ಬೀಳುತ್ತದೆ. ಎರಡು ಮೂರು ವಾರದಲ್ಲಿ ಜೊಂಡಿನ ಮರೆಯಲ್ಲಿ ಸದ್ದಿಲ್ಲದೆ ಸಾಯುತ್ತದೆ. ನರಿಯೋ ಹದ್ದೋ ಬಂದು ತಿಂದು ಮುಗಿಸುತ್ತದೆ. ಹೀಗಾಗಿ ಬೇಟೆಗಾರರು ಎಷ್ಟೋ ವರ್ಷ ಒಂದೇ ಪ್ರಶ್ನೆ ಕೇಳುತ್ತಿದ್ದರು: ಸಾಯ್ತವೆ ಅಂತೀರಲ್ಲ, ಹೆಣ ಎಲ್ಲಿ?

ಹೆಣದ ಲೆಕ್ಕ ಕೊಟ್ಟವರಲ್ಲಿ ಬೇಟೆಗಾರರೂ ಇದ್ದರು, ಇದನ್ನ ಮರೆಯಬಾರದು. 1894ರಲ್ಲಿ ಜಾರ್ಜ್ ಬರ್ಡ್ ಗ್ರಿನೆಲ್ ತನ್ನ ಬೇಟೆ ಪತ್ರಿಕೆಯಲ್ಲೇ ಸೀಸದ ವಿಷದಿಂದ ಸಾಯುವ ಹಕ್ಕಿಗಳ ಬಗ್ಗೆ ಬರೆದ. 1919ರಲ್ಲಿ ಅಲೆಕ್ಸಾಂಡರ್ ವೆಟ್ಮೋರ್ ಅಮೆರಿಕದ ಕೃಷಿ ಇಲಾಖೆಗೆ ಕೊಟ್ಟ ವರದಿಯಲ್ಲಿ, ಬಾತುಗಳಿಗೆ ಚರೆ ನುಂಗಿಸಿ ಪರೀಕ್ಷೆ ಮಾಡಿದ್ದನ್ನ ಹೇಳಿದ. ಆರು ಚರೆ ನುಂಗಿದವು ಉಳಿಯಲಿಲ್ಲ. ಕೆಲವಕ್ಕೆ ಒಂದೇ ಸಾಕಾಯಿತು. ಅಂದರೆ 1919ಕ್ಕೇ ವಿಷಯ ಗೊತ್ತಿತ್ತು. 1959ರಲ್ಲಿ ಇಲಿನಾಯ್ ರಾಜ್ಯದ ಫ್ರಾಂಕ್ ಬೆಲ್‌ರೋಸ್ ಸಾವಿರಾರು ಬಾತುಗಳ ಹೊಟ್ಟೆ ಬಗೆದು ನೋಡಿ, ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಮೂರು ಸೀಸದಿಂದ ಸಾಯುತ್ತವೆ ಅಂತ ಅಂದಾಜು ಕೊಟ್ಟ. ನೂರಕ್ಕೆ ಎರಡು ಮೂರು ಅಂದರೆ ಲಕ್ಷಗಟ್ಟಲೆ ಹಕ್ಕಿ. ಅಷ್ಟಾದರೂ ಕಾನೂನು ಬರಲಿಲ್ಲ.

ಕಾನೂನು ಕಣ್ಣು ಬಿಟ್ಟಿದ್ದು 1976ರಲ್ಲಿ. ಅಮೆರಿಕದ ಪೂರ್ವ ಕರಾವಳಿಯ ಕೆಲವು ಜಾಗಗಳಲ್ಲಿ ಬಾತು ಬೇಟೆಗೆ ಉಕ್ಕಿನ ಚರೆಯೇ ಆಗಬೇಕು ಅಂತ ಕೇಂದ್ರ ಸರ್ಕಾರ ಹೇಳಿತು. ನ್ಯಾಷನಲ್ ರೈಫಲ್ ಅಸೋಸಿಯೇಷನ್ ಕೂಡಲೇ ಕೋರ್ಟಿಗೆ ಹೋಯಿತು, ಸೋತಿತು. ಕೋರ್ಟಿನಲ್ಲಿ ಸೋತದ್ದನ್ನ ಶಾಸನಸಭೆಯಲ್ಲಿ ಗೆಲ್ಲೋದು ಎಲ್ಲ ದೇಶದಲ್ಲೂ ಇರುವ ದಾರಿ. ಅಲಾಸ್ಕದ ಸೆನೆಟರ್ ಟೆಡ್ ಸ್ಟೀವನ್ಸ್ ಬಜೆಟ್ ಮಸೂದೆಗೆ ಒಂದು ಬಾಲ ಕಟ್ಟಿದ: ಆಯಾ ರಾಜ್ಯ ಒಪ್ಪದೆ ಈ ನಿಯಮ ಜಾರಿ ಮಾಡಲು ಕೇಂದ್ರ ಒಂದು ಕಾಸೂ ಖರ್ಚು ಮಾಡಕೂಡದು. ನಿಯಮ ಕಾಗದದ ಮೇಲೆ ಉಳಿಯಿತು.

ಕಟ್ಟು ಬಿಡಿಸಿದ್ದು ಬಿಳಿತಲೆಯ ಹದ್ದು. ಅದು ಅವರ ರಾಷ್ಟ್ರಲಾಂಛನ. ಸೀಸ ತಿಂದು ಸೋತ ಬಾತನ್ನ ಹದ್ದು ಹಿಡಿದು ತಿಂದು ತಾನೂ ಸಾಯುತ್ತಿತ್ತು. ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಷನ್, ಇದರಲ್ಲೂ ಬೇಟೆಗಾರರು ಬಹಳ ಮಂದಿ, ಅಳಿವಿನಂಚಿನ ಜೀವಿಗಳ ಕಾಯ್ದೆ ಹಿಡಿದು 1985ರಲ್ಲಿ ದಾವೆ ಹೂಡಿ ಗೆದ್ದಿತು. ಮರುವರ್ಷ ಸರ್ಕಾರ ಹಂತಹಂತವಾಗಿ ತಡೆ ಘೋಷಿಸಿತು. 1991ರಿಂದ ಇಡೀ ದೇಶದಲ್ಲಿ ನೀರುಹಕ್ಕಿ ಬೇಟೆಗೆ ಸೀಸದ ಚರೆ ನಿಂತಿತು. ಲಕ್ಷಗಟ್ಟಲೆ ಬಾತು ಸತ್ತಾಗ ಏಳದ ಕಾನೂನು ಲಾಂಛನಕ್ಕೆ ಧಕ್ಕೆ ಬಂದಾಗ ಎದ್ದಿತು. ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಎದುರು ಪಕ್ಷದವರ ಮಾತನ್ನೂ ನೇರವಾಗಿ ಕೇಳಬೇಕು. ಉಕ್ಕು ಸೀಸಕ್ಕಿಂತ ಹಗುರ, ದೂರ ಹೋದಂತೆ ಬೇಗ ಬಲ ಕಳೆದುಕೊಳ್ಳುತ್ತದೆ. ಹಕ್ಕಿ ಸಾಯದೆ ಗಾಯಗೊಂಡು ನರಳುತ್ತದೆ. ವಿಷದಲ್ಲಿ ಉಳಿಸಿದ್ದನ್ನ ಗಾಯದಲ್ಲಿ ಕೊಲ್ತೀರಿ ಅಂದರು. ಉಕ್ಕು ಗಡುಸು, ಅಪ್ಪನ ಕಾಲದ ಕೋವಿಯ ನಳಿಗೆ ಕೆಡುತ್ತದೆ ಅಂದರು. ಬಿಸ್ಮತ್ ಚರೆ, ಟಂಗ್‌ಸ್ಟನ್ ಚರೆ ಹಳೆ ಕೋವಿಗೂ ಆಗುತ್ತವೆ, ಆದರೆ ಬೆಲೆ ಕೇಳಿದರೆ ಎದೆ ಒಡೆಯುತ್ತದೆ ಅಂದರು. ಇದೆಲ್ಲ ಹಿಂಬಾಗಿಲಿನಿಂದ ನಮ್ಮ ಕೋವಿ ಕಿತ್ತುಕೊಳ್ಳುವ ಹುನ್ನಾರ ಅಂತಲೂ ಅಂದರು. ಕೊನೆಯದು ಸಂಘದ ನಾಯಕರು ಹೊಟ್ಟೆಪಾಡಿಗೆ ಹೇಳುವ ಮಾತು. ಮೊದಲಿನವುಗಳಲ್ಲಿ ಸ್ವಲ್ಪ ನಿಜ ಇದೆ: ಉಕ್ಕಿನ ಚರೆಗೆ ಹತ್ತಿರದಿಂದ ಹೊಡೆಯಬೇಕು, ದಪ್ಪ ಚರೆ ಬೇಕು, ಕೈ ಪಳಗಬೇಕು. ಕೈ ಪಳಗಿತು ಕೂಡ. ತಡೆ ಬಂದ ಆರು ವರ್ಷಕ್ಕೆ ಮಿಸಿಸಿಪಿ ದಾರಿಯ ಬಾತುಗಳನ್ನ ಪರೀಕ್ಷಿಸಿದ ತಜ್ಞರು, 1997ರ ಒಂದೇ ವರ್ಷದಲ್ಲಿ ಅಂದಾಜು 14 ಲಕ್ಷ ಬಾತು ಸೀಸದ ಸಾವಿನಿಂದ ಉಳಿದವು ಅಂತ ಲೆಕ್ಕ ಹಾಕಿದರು. ಬಾತು ಹೆಚ್ಚಿದರೆ ಬೇಟೆಯೂ ಹೆಚ್ಚು. ಬೇಡ ಅಂದವರೇ ಲಾಭ ಉಂಡರು.

ಆದರೆ ಆ ತಡೆ ನೀರುಹಕ್ಕಿಗೆ ಮಾತ್ರ. ಜಿಂಕೆ ಹೊಡೆಯುವ ರೈಫಲ್ ಗುಂಡು ಸೀಸದ್ದೇ ಉಳಿಯಿತು. ವೇಗವಾಗಿ ಬಡಿದ ಸೀಸದ ಗುಂಡು ಮೈಯೊಳಗೆ ನೂರಾರು ಚೂರಾಗುತ್ತದೆ. ಎಕ್ಸ್‌ರೇ ತೆಗೆದರೆ ರಾಗಿ ಚೆಲ್ಲಿದ ಹಾಗೆ ಕಾಣುತ್ತದೆ. ಬೇಟೆಗಾರ ಕಾಡಿನಲ್ಲೇ ಬಿಟ್ಟು ಬರುವ ಕರುಳು ಪಚ್ಚಿಯಲ್ಲಿ ಈ ಚೂರು ಇರುತ್ತವೆ. ಅದನ್ನ ತಿನ್ನೋದು ಹೆಣ ತಿಂದು ಬದುಕುವ ಹಕ್ಕಿಗಳು. ಕ್ಯಾಲಿಫೋರ್ನಿಯದ ಕಾಂಡೋರ್ ಅನ್ನುವ ದೊಡ್ಡ ರಣಹದ್ದು 1982ರಲ್ಲಿ ಇಡೀ ಪ್ರಪಂಚದಲ್ಲಿ 22 ಉಳಿದಿತ್ತು. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಪಂಜರದಲ್ಲಿಟ್ಟು ಮರಿ ಮಾಡಿಸಿ, 1992ರಿಂದ ಮತ್ತೆ ಬಿಡತೊಡಗಿದರು. ಬಿಟ್ಟವು ಸೀಸ ತಿಂದು ಸಾಯತೊಡಗಿದವು. ಹಿಡಿಯೋದು, ರಕ್ತ ಪರೀಕ್ಷೆ ಮಾಡೋದು, ಸೀಸ ಇಳಿಸುವ ಮದ್ದು ಕೊಟ್ಟು ಮತ್ತೆ ಬಿಡೋದು, ಹೀಗೆ ಆಸ್ಪತ್ರೆಯ ರೋಗಿಗಳ ಹಾಗೆ ಆ ಹಕ್ಕಿಗಳ ಬಾಳು ನಡೆದಿದೆ.

ಇದನ್ನ ಓದುವಾಗ ನಮಗೆ ನಮ್ಮ ರಣಹದ್ದು ನೆನಪಾಗದೆ ಇರದು. ಊರಿನ ಸತ್ತ ದನ ಎಳೆದು ಚರ್ಮ ಸುಲಿಯುವ ಕೆಲಸವನ್ನ ಜಾತಿಯ ಹೆಸರಿನಲ್ಲಿ ನಮ್ಮವರ ಹೆಗಲಿಗೆ ಹೊರಿಸಿದ್ದರು. ಸುಲಿಯುವವರಿಗೆ ಜೊತೆಯಾಗಿ ಊರ ಹೊರಗೆ ಕಾಯುತ್ತಿದ್ದದ್ದು ರಣಹದ್ದು. ಅವು ಒಂದೊಂದಾಗಿ ಕಾಣೆಯಾದದ್ದನ್ನ ಮೊದಲು ಕಂಡವರೂ ಸುಲಿಯುವವರೇ ಇರಬೇಕು, ಅವರನ್ನ ಯಾರೂ ಕೇಳಲಿಲ್ಲ. ಕಾರಣ ಇಲ್ಲಿ ಸೀಸವಲ್ಲ, ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನ ನಿಷೇಧಿಸಿತು, 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವಾಯಿತು. ಬಾಯಿಗೆ ಬಿದ್ದ ಹೆಣದಲ್ಲಿ ಏನಿದೆ ಅಂತ ಹಕ್ಕಿ ಹೇಗೆ ತಾನೆ ನೋಡೀತು?

ಕ್ಯಾಲಿಫೋರ್ನಿಯ 2013ರಲ್ಲಿ ಕಾನೂನು ಮಾಡಿ, 2019ರ ಜುಲೈಯಿಂದ ಎಲ್ಲ ಬೇಟೆಗೂ ಸೀಸ ನಿಲ್ಲಿಸಿತು. ಅರಿಜೋನ ಬೇರೆ ದಾರಿ ಹಿಡಿಯಿತು. ಅಲ್ಲಿಯ ಬೇಟೆ ಇಲಾಖೆ 2005ರಿಂದ ಕಾಂಡೋರ್ ಇರುವ ಕಡೆಯ ಬೇಟೆಗಾರರಿಗೆ ತಾಮ್ರದ ಗುಂಡನ್ನ ಪುಕ್ಕಟೆ ಕೊಟ್ಟಿತು. ಒತ್ತಾಯವಿಲ್ಲ. ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ಒಪ್ಪಿದರು. ಬಡ ಬೇಟೆಗಾರನ ಬೆಲೆಯ ಮಾತಿಗೆ ಇದು ಸರಿಯಾದ ಉತ್ತರ ಅಂತ ನಮಗೆ ತೋರುತ್ತದೆ. ಮಾಂಸ ಕೊಳ್ಳಲಾರದೆ ಜಿಂಕೆ ಹೊಡೆಯುವ ಹಳ್ಳಿಗನಿಗೆ ದುಬಾರಿ ಗುಂಡು ಕೊಳ್ಳು ಅಂತ ಪಟ್ಟಣದಲ್ಲಿ ಕೂತು ಬುದ್ಧಿ ಹೇಳೋದು ಸುಲಭ. ಕೇಂದ್ರದಲ್ಲಿ ಮಾತ್ರ ತಮಾಷೆ ನಡೆದೇ ಇತ್ತು. ಒಬಾಮ ಸರ್ಕಾರದ ಕೊನೆಯ ದಿನಗಳಲ್ಲಿ, 2017ರ ಜನವರಿಯಲ್ಲಿ, ವನ್ಯಜೀವಿ ಧಾಮಗಳಲ್ಲಿ ಸೀಸ ನಿಲ್ಲಿಸುವ ಆದೇಶ ಬಂತು. ಮಾರ್ಚಿಯಲ್ಲಿ ಹೊಸ ಮಂತ್ರಿ ರಯಾನ್ ಜಿಂಕಿ ಕುದುರೆ ಏರಿ ಕಚೇರಿಗೆ ಬಂದು ಮೊದಲ ದಿನವೇ ಅದನ್ನ ಹೊಡೆದುಹಾಕಿದ.

ಈಗ ಆ ಚಿಂದಿ ಮಾಂಸದ ವಿಷಯ.

ಅಮೆರಿಕದ ಹಲವು ರಾಜ್ಯಗಳಲ್ಲಿ ಬೇಟೆಗಾರರು ಹೊಡೆದ ಜಿಂಕೆಯನ್ನ ಬಡವರಿಗೆ ದಾನ ಕೊಡುವ ಪದ್ಧತಿ ಇದೆ. ಕಸಾಯಿ ಅಂಗಡಿಯವರು ಅದನ್ನ ಖೀಮಾ ಮಾಡಿ ಪೊಟ್ಟಣ ಕಟ್ಟುತ್ತಾರೆ, ಪುಕ್ಕಟೆ ದಿನಸಿ ಹಂಚುವ ಕಡೆ ಬಡವರು ಸಾಲು ನಿಂತು ಒಯ್ಯುತ್ತಾರೆ. 2008ರಲ್ಲಿ ಉತ್ತರ ಡಕೋಟದ ಒಬ್ಬ ಚರ್ಮವೈದ್ಯ, ವಿಲಿಯಂ ಕಾರ್ನಾಟ್ಜರ್, ತಾನೇ ಬೇಟೆಗಾರ, ಇಂಥ ಪೊಟ್ಟಣಗಳನ್ನ ತಂದು ಸ್ಕ್ಯಾನ್ ಮಾಡಿಸಿದ. ನೂರರಲ್ಲಿ ಅರ್ಧಕ್ಕಿಂತ ಹೆಚ್ಚರಲ್ಲಿ ಲೋಹದ ಚೂರು ಕಂಡವು. ಬೆರಳಿಗೆ ಸಿಗದಷ್ಟು, ಹಲ್ಲಿಗೂ ತಿಳಿಯದಷ್ಟು ಸಣ್ಣವು. ಮಾರ್ಚಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ಆ ಖೀಮಾ ಹಂಚಬೇಡಿ ಅಂತ ಹೇಳಿತು.

ತೊಡೆ ಬೆನ್ನಿನ ಒಳ್ಳೆ ತುಂಡು ಇಡಿಯಾಗಿ ಉಳಿಯುತ್ತದೆ, ಕತ್ತರಿಸಿ ಉಳಿದ ಚೂರುಪಾರು ಖೀಮಾ ಸೇರುತ್ತದೆ. ಗಾಯದ ಸುತ್ತಿನದೂ ಅದರಲ್ಲಿ ಸೇರಿಹೋಗುತ್ತದೆ. ಒಂದರಲ್ಲಿದ್ದ ಸೀಸ ಯಂತ್ರದಲ್ಲಿ ಇನ್ನೊಂದಕ್ಕೂ ಹರಡುತ್ತದೆ. ಮರುವರ್ಷ ಪ್ರಕಟವಾದ ಒಂದು ಅಧ್ಯಯನದಲ್ಲಿ, 30 ಜಿಂಕೆಗಳನ್ನ ಮಾಮೂಲಿ ಕಸಾಯಿ ಅಂಗಡಿಗಳಿಗೆ ಕೊಟ್ಟು ಖೀಮಾ ಮಾಡಿಸಿ ನೋಡಿದರೆ, ಮೂರರಲ್ಲೊಂದು ಪೊಟ್ಟಣದಲ್ಲಿ ಚೂರು ಸಿಕ್ಕವು. ಅದನ್ನ ಹಂದಿಗಳಿಗೆ ತಿನ್ನಿಸಿದರೆ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಅಲ್ಲಿವರೆಗೆ, ಗಟ್ಟಿ ಸೀಸ ಮೈಗೆ ಹತ್ತೋದಿಲ್ಲ, ಬಂದ ಹಾಗೇ ಹೋಗುತ್ತದೆ ಅನ್ನುತ್ತಿದ್ದವರ ಬಾಯಿ ಆಗ ಕಟ್ಟಬೇಕಿತ್ತು.

ಕಟ್ಟಲಿಲ್ಲ. ಉತ್ತರ ಡಕೋಟದ ಏಳುನೂರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿದ ಕೇಂದ್ರ ಆರೋಗ್ಯ ಇಲಾಖೆಯವರು, ಬೇಟೆ ಮಾಂಸ ತಿನ್ನುವವರಲ್ಲಿ ತಿನ್ನದವರಿಗಿಂತ ಸೀಸ ಹೆಚ್ಚಿದೆ ಅಂದರು. ಆದರೆ ಆಗ ಅಪಾಯದ ಗೆರೆ ಅಂತ ಇದ್ದದ್ದು ಡೆಸಿಲೀಟರ್ ರಕ್ತಕ್ಕೆ 10 ಮೈಕ್ರೋಗ್ರಾಂ, ಯಾರೂ ಅದನ್ನ ದಾಟಿರಲಿಲ್ಲ. ನೋಡಿ, ಏನೂ ಆಗಿಲ್ಲ, ತಲೆಮಾರುಗಳಿಂದ ತಿಂದಿದ್ದೇವೆ ಅಂತ ಸಂಘಗಳು ಹಬ್ಬ ಮಾಡಿದವು. 2012ರಲ್ಲಿ ಅದೇ ಇಲಾಖೆ ಮಕ್ಕಳ ಗೆರೆಯನ್ನ 5ಕ್ಕೆ ಇಳಿಸಿತು, 2021ರಲ್ಲಿ 3.5ಕ್ಕೆ. ರಕ್ತ ಅದೇ, ಗೆರೆ ಸರಿಯಿತು. ಇನ್ನು ಬಸುರಿಯರು, ಆರು ವರ್ಷದೊಳಗಿನ ಮಕ್ಕಳು ಸೀಸದ ಗುಂಡಿನಿಂದ ಹೊಡೆದ ಜಿಂಕೆ ತಿನ್ನಬಾರದು ಅಂತ ಆ ರಾಜ್ಯ 2008ರಲ್ಲೇ ಸಲಹೆ ಕೊಟ್ಟಿತ್ತು. ಸಾಲಿನಲ್ಲಿ ನಿಂತು ಪೊಟ್ಟಣ ತೆಗೆದುಕೊಳ್ಳುವ ಬಸುರಿ, ಇದು ಯಾವ ಗುಂಡಿನದು ಅಂತ ಯಾರನ್ನ ಕೇಳಬೇಕು? ಕಾಂಡೋರಿನ ರಕ್ತವನ್ನ ವರ್ಷವರ್ಷ ಪರೀಕ್ಷೆ ಮಾಡುತ್ತಾರೆ, ಮಾಡಲಿ, ಬೇಡ ಅನ್ನೋದಿಲ್ಲ.

ಇದಕ್ಕೆ ಎದುರಾಗಿ ನಮಗೆ ಸಿಕ್ಕ ಇನ್ನೊಂದು ಸಂಗತಿ ಕೆನಡದ ಉತ್ತರದ ಹಿಮನಾಡು ನುನಾವಿಕ್‌ನದು. ಅಲ್ಲಿಯ ಇನುಯಿಟ್ ಜನಕ್ಕೆ ಹೆಬ್ಬಾತು, ಬಾತು ಮೋಜಿನದಲ್ಲ, ಅನ್ನ. ಹುಟ್ಟಿದ ಕೂಸುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಸೀಸ ಹೆಚ್ಚಾಗಿ ಕಂಡಾಗ, ಆ ಸೀಸದ ಗುಣ ಪರೀಕ್ಷಿಸಿ ಅದು ಚರೆಯಿಂದಲೇ ಬಂದದ್ದು ಅಂತ ತಿಳಿದರು. ಹಕ್ಕಿ ತಿನ್ನಬೇಡಿ ಅಂತ ಹೇಳಿದ್ದರೆ ಆ ಜನ ಹಸಿದು ಸಾಯಬೇಕಿತ್ತು, ಇಲ್ಲವೇ ಅಂಗಡಿಯ ಡಬ್ಬಿ ತಿಂಡಿಗೆ ಬೀಳಬೇಕಿತ್ತು. ಅವರು ಹಾಗೆ ಮಾಡಲಿಲ್ಲ. 1999ರ ಹೊತ್ತಿಗೆ ಅಲ್ಲಿಯ ಆರೋಗ್ಯ ಮಂಡಳಿ ಮತ್ತು ಬೇಟೆಗಾರರ ಸಂಘಗಳು ಜೊತೆ ಸೇರಿ ಸೀಸದ ಚರೆ ಬಿಡೋಣ ಅಂತ ಊರೂರಿಗೆ ಹೇಳಿದರು. 1992ಕ್ಕೂ 2004ಕ್ಕೂ ಹೋಲಿಸಿ ನೋಡಿದಾಗ ದೊಡ್ಡವರ ರಕ್ತದ ಸೀಸ ಸುಮಾರು ಅರ್ಧಕ್ಕೆ ಇಳಿದಿತ್ತು. ಬೇಟೆ ನಿಲ್ಲಲಿಲ್ಲ, ಅನ್ನ ತಪ್ಪಲಿಲ್ಲ. ಇದಕ್ಕೆ ಯಾವ ಲಾಂಛನವೂ ಬೇಕಾಗಲಿಲ್ಲ.

ಯೂರೋಪಿನ ಕತೆ ಚಿಕ್ಕದಾಗಿ ಹೇಳಿಬಿಡುತ್ತೇವೆ. ನೆದರ್‌ಲೆಂಡ್ಸ್ 1993ರಲ್ಲಿ, ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆ ಪೂರ್ತಿ ನಿಲ್ಲಿಸಿದವು. ನಾರ್ವೆ 2005ರಲ್ಲಿ ನಿಲ್ಲಿಸಿ 2015ರಲ್ಲಿ ಬೇಟೆಗಾರರ ಒತ್ತಾಯಕ್ಕೆ ಅರ್ಧ ಸಡಿಲ ಮಾಡಿತು. ಜೌಗು ನೆಲಗಳಲ್ಲಿ ಸೀಸ ಹಾರಿಸಬಾರದು ಅನ್ನುವ ಯೂರೋಪ್ ಒಕ್ಕೂಟದ ನಿಯಮ 2023ರ ಫೆಬ್ರವರಿಯಿಂದ ಜಾರಿಗೆ ಬಂತು. ಡೆನ್ಮಾರ್ಕ್ 2024ರ ಏಪ್ರಿಲ್‌ನಲ್ಲಿ ರೈಫಲ್ ಗುಂಡಿನ ಸೀಸವನ್ನೂ ನಿಲ್ಲಿಸಿತು, ಹಾಗೆ ಮಾಡಿದ ಮೊದಲ ದೇಶ ಅದೇ. ಮೂವತ್ತು ವರ್ಷ ಉಕ್ಕಿನ ಚರೆ ಹಾರಿಸಿದ ಡೇನರಿಗೆ ಬೇಟೆ ಮರೆತುಹೋಗಿಲ್ಲ.

ಚರೆ ಹುಟ್ಟಿದ ಬ್ರಿಟನ್ ಮಾತ್ರ ಎಳೆದಾಡಿತು. ಮೀನುಗಾಳದ ಸೀಸ ನುಂಗಿ ಹಂಸಗಳು ಸತ್ತಾಗ 1987ರಲ್ಲಿ ಗಾಳದ ಸೀಸ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಜೌಗಿನ ಬೇಟೆಗೆ 1999ರಲ್ಲಿ ತಡೆ ಬಂತು. ದೊಡ್ಡ ಜಮೀನುಗಳಲ್ಲಿ ಸಾಕಿ ಬಿಟ್ಟು ಹೊಡೆಯುವ ಫೆಸೆಂಟ್ ಕೋಳಿಯ ಬೇಟೆಗೆ ಆಗ ಕೈ ಹಾಕುವವರಿರಲಿಲ್ಲ, ಅದು ಭೂಮಾಲೀಕರ ಬೇಟೆ. 2020ರ ಫೆಬ್ರವರಿಯಲ್ಲಿ ಒಂಬತ್ತು ಬೇಟೆ ಸಂಘಗಳು ಕೂಡಿ, ಕಾನೂನು ಬೇಡ, ಐದು ವರ್ಷದಲ್ಲಿ ನಾವೇ ಮನಸ್ಸಾರೆ ಸೀಸ ಬಿಡ್ತೀವಿ ಅಂತ ಮಾತು ಕೊಟ್ಟವು. ಮುಂದಿನ ಬೇಟೆ ಕಾಲದಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಮತ್ತು ಅವರ ಜೊತೆಯವರು ಕೋಳಿಗಳನ್ನ ಕೊಂಡು ಚರೆ ತೆಗೆದು ನೋಡಿದರು. ಚರೆ ಸಿಕ್ಕ 180 ಕೋಳಿಗಳಲ್ಲಿ 179ರಲ್ಲಿ ಸೀಸ. ಐದು ವರ್ಷ ಕಳೆಯಿತು, ಮಾತು ಉಳಿಯಲಿಲ್ಲ. 2025ರ ಜುಲೈಯಲ್ಲಿ ಬ್ರಿಟಿಷ್ ಸರ್ಕಾರ ಕಾನೂನಿನಿಂದಲೇ ಸೀಸ ನಿಲ್ಲಿಸುವುದಾಗಿ ಹೇಳಿ, ಹೊಂದಿಕೊಳ್ಳಲು ಮೂರು ವರ್ಷ ಗಡುವು ಕೊಟ್ಟಿತು.